ಟೈಲ್ಸ್ ಹಾಕಿದ ಕೊಟ್ಟಿಗೆ

ಹಸು ಹೊಸ್ತಿಲ ಮುಂದೆ ನಿಂತುಬಿಟ್ಟಿತು. ಸುಬ್ಬಪ್ಪ ಹಿಂದಿನಿಂದ ತಳ್ಳಿದರು, ಹೆಂಡತಿ ಪದ್ಮಮ್ಮ ಮುಂದಿನಿಂದ ಹಗ್ಗ ಎಳೆದರು. ಊಹೂಂ. ಇನ್ಸ್‌ಪೆಕ್ಟರರ ಸ್ಕೂಟರ್ ಇನ್ನೇನು ಗೇಟಿಗೆ ಬರುವುದರಲ್ಲಿತ್ತು.

"ಆರತಿ ಎತ್ಬೇಕೇನೋ ಕಣ್ರೀ," ಎಂದರು ಪದ್ಮಮ್ಮ. "ಗೃಹಪ್ರವೇಶಕ್ಕೆ ಹೋಗೋ ಹಸು ಅಲ್ವಾ, ಅಭ್ಯಾಸ."

ಆರತಿ ಎತ್ತಿದರು. ಹಸು ಬಲಗಾಲಿಟ್ಟು, ಗತ್ತಿನಿಂದ ಒಳಗೆ ಹೋಯಿತು.

ಆಲ್ಕೊಳದ ಆ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬ ನಿಯಮವಿತ್ತು. ಹಿತ್ತಲಲ್ಲಿ ಎರಡನೆಯದು ಎದ್ದರೆ ಕೆಡವುತ್ತಾರೆ. ದನದ ಕೊಟ್ಟಿಗೆಗೆ ಮಾತ್ರ ಅಡ್ಡಿಯಿಲ್ಲ. ಸುಬ್ಬಪ್ಪ ಕೊಟ್ಟಿಗೆಗೆಂದು ಅನುಮತಿ ಪಡೆದು, ಕೋಣೆ, ಅಡುಗೆಕಟ್ಟೆ, ಬಚ್ಚಲು ಎಲ್ಲ ಕಟ್ಟಿಸಿಬಿಟ್ಟಿದ್ದರು. ತಂಗಿ ಸಾವಿತ್ರಮ್ಮನ ಗಂಡ ರಿಟೈರಾಗಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಬಿಡಬೇಕಾಗಿತ್ತು. ನಾಳೆಯೇ ಪಾತ್ರೆಪಗಡ ಕಟ್ಟಿಕೊಂಡು ಬರುವವರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನಗರಸಭೆಗೆ ದೂರು ಕೊಟ್ಟಿದ್ದರು. ಇದು ಹೋದರೆ ತಂಗಿಗೆ ಬೇರೆ ಸೂರಿಲ್ಲ. ಸುಬ್ಬಪ್ಪನವರಿಗೆ ನಿಜಕ್ಕೂ ಭಯವಾಗಿತ್ತು.

ಹಸುವನ್ನು ಬಾಡಿಗೆಗೆ ಗೊತ್ತು ಮಾಡಿಕೊಟ್ಟವರು ಪುರೋಹಿತ ಲಕ್ಷ್ಮೀಕಾಂತ. "ಟೈಲ್ಸ್ ಮೇಲೆ ಪಳಗಿದ ಹಸು ಸ್ವಾಮಿ, ಜಾರಲ್ಲ. ಸಂಜೆ ಬಿಟ್ಬಿಡಿ, ಮನೆ ದಾರಿ ಅದಕ್ಕೇ ಗೊತ್ತು," ಎಂದಿದ್ದರು. ಯಾರ ಮನೆ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ಸ್‌ಪೆಕ್ಟರ್ ಪ್ರಸನ್ನಕುಮಾರ್ ಟೇಪು ಹಿಡಿದು ಬಂದರು. ಖಡಕ್ ಮನುಷ್ಯ. ಹಿಂದಿನ ವಾರವಷ್ಟೇ ಪಕ್ಕದ ಬೀದಿಯ ಔಟ್‌ಹೌಸೊಂದನ್ನು ಎದುರಿಗೆ ನಿಂತು ಕೆಡವಿಸಿದ್ದರು.

"ಕೊಟ್ಟಿಗೆಗೆ ಟೈಲ್ಸಾ?"

"ತೊಳೆಯೋಕೆ ಸುಲಭ ಸಾರ್."

"ಕಿಟಕಿಗೆ ಸೊಳ್ಳೆ ಪರದೆ?"

"ಸೊಳ್ಳೆ ಕಚ್ಚಿದ್ರೆ ಹಾಲು ಕಮ್ಮಿಯಾಗುತ್ತೆ ಸಾರ್."

"ಗೋಡೆ ಮೇಲೆ ಕನ್ನಡಿ?"

ಸುಬ್ಬಪ್ಪ ಹೆಂಡತಿಯ ಮುಖ ನೋಡಿದರು. "ಒಂಟಿ ಹಸು ಸಾರ್," ಎಂದರು ಪದ್ಮಮ್ಮ. "ಬೇಜಾರಾಗುತ್ತಲ್ಲ, ಪಾಪ."

ಇನ್ಸ್‌ಪೆಕ್ಟರರ ಮೀಸೆ ಅದುರಿತು. ಕೆಡವುವ ನೋಟಿಸ್ ಬರೆಯಲು ಪೆನ್ನು ತೆಗೆದು ಒಳಗೆ ಕಾಲಿಟ್ಟರು. ಹಸು ತಿರುಗಿ ನೋಡಿತು. ಅಂಬಾ ಎಂದು ಕೂಗಿ, ಹಗ್ಗ ಕಿತ್ತುಕೊಂಡು ಬಂದು ಅವರ ಕೈ ನೆಕ್ಕತೊಡಗಿತು.

ಸುಬ್ಬಪ್ಪ ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. "ಏಯ್ ತುಂಗಾ, ಬಾ ಈ ಕಡೆ!" ಆ ಕ್ಷಣ ಹುಟ್ಟಿದ ಹೆಸರಿಗೆ ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಇನ್ಸ್‌ಪೆಕ್ಟರ್ ಅದರ ಕಿವಿಯ ಬಳಿ ಬಗ್ಗಿ ಏನೋ ಗೊಣಗಿದರು. ತೆಪ್ಪಗಾಯಿತು.

"ನಿಮ್ದೇನಾ ಹಸು?" ಅವರ ದನಿ ಇಳಿದಿತ್ತು.

"ನಮ್ಮನೇಲೇ ಹುಟ್ಟಿದ್ದು ಸಾರ್. ಮಗಳಿದ್ದ ಹಾಗೆ."

"ಬೆಳಿಗ್ಗೆ ಏನು ಹಾಕಿದ್ರಿ?"

"ಇಡ್ಲಿ."

"ಇಡ್ಲಿ ಹಾಕ್ಬೇಡ್ರೀ! ಹೊಟ್ಟೆ ಉಬ್ಬರಿಸುತ್ತೆ ಇವಳಿಗೆ."

ಗೋವೆಂದರೆ ಪ್ರಾಣ ಬಿಡುವ ಒಕ್ಕಲುಮನೆಯ ಮಗನಿರಬೇಕು ಎಂದುಕೊಂಡರು ಸುಬ್ಬಪ್ಪ. ಇನ್ಸ್‌ಪೆಕ್ಟರ್ ಹಣೆಯ ಬೆವರೊರೆಸಿಕೊಂಡು, ಟೇಪು ಬಿಚ್ಚದೆಯೇ 'ಕೊಟ್ಟಿಗೆ ಸರಿಯಿದೆ' ಎಂದು ಬರೆದು, ಕಾಫಿಗೂ ನಿಲ್ಲದೆ ಹೊರಟುಹೋದರು.

ಸುಬ್ಬಪ್ಪ ಕುಣಿಯುವುದೊಂದು ಬಾಕಿ. ತಂಗಿಗೆ ಸುದ್ದಿ ಹೇಳಲು ಎಸ್‌ಟಿಡಿ ಬೂತಿಗೆ ಚಪ್ಪಲಿ ಮರೆತು ಓಡಿದರು. ಪದ್ಮಮ್ಮ ನಗುತ್ತಾ ಹಸುವಿನ ಕೊರಳು ತಬ್ಬಿಕೊಂಡರು.

ಸಂಜೆ ಪ್ರಸನ್ನಕುಮಾರ್ ತಮ್ಮ ಮನೆಯ ಗೇಟು ತೆರೆದಾಗ ಅದೇ ಹಸು ಆಗಲೇ ಬಂದು, ವರಾಂಡದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. "ಅಲ್ಲ ಮಾರಾಯ್ತಿ, ನಮ್ಮ ಗೌರೀನ ಊರವರ ಮನೆಗೆಲ್ಲ ಯಾಕೆ ಕಳಿಸ್ತೀಯ?" ಎಂದು ಹೆಂಡತಿಯ ಮೇಲೆ ರೇಗಿದರು.

ಉಮಾಮಹೇಶ್ವರಿ ಹಿತ್ತಲ ಕಡೆ ಕಣ್ಣಲ್ಲೇ ತೋರಿಸಿ ದನಿ ತಗ್ಗಿಸಿದರು: "ಹಗಲೆಲ್ಲ ಇವಳನ್ನ ಎಲ್ಲಿ ಕಟ್ಲಿ ಹೇಳಿ? ನಮ್ಮ ಕೊಟ್ಟಿಗೇಲಿ ಬಾಡಿಗೆಯವರಿದಾರಲ್ರೀ!"