ಕುಂಟುವ ಕೈ

ಅಪ್ಪನ ಬಲಗೈ ಕೋಟಿನ ಜೇಬಿನಿಂದ ಹೊರಗೆ ಬರಲೇ ಇಲ್ಲ. ಕಚೇರಿಯ ಮೆಟ್ಟಿಲು ಹತ್ತುವಾಗ ಮಗಳು ಹಿಡಿದುಕೊಳ್ಳಲು ಹೋದರೆ ಎಡಗೈ ಚಾಚಿದ.

"ಚಳಿಯೇನಪ್ಪ?"

"ಇಲ್ಲ ಪುಟ್ಟಿ. ಇನ್ನೂ ಕಾಲ ಮಿಂಚಿಲ್ಲ, ವಾಪಸ್ ಹೋಗಿಬಿಡೋಣ."

ವಾಪಸ್ ಹೋಗುವುದಕ್ಕೆ ಅವಳು ಹೊಲಿಗೆ ಅಂಗಡಿಗೆ ಬೀಗ ಜಡಿದು ಬಂದಿರಲಿಲ್ಲ. ಅಪ್ಪ ತೊಟ್ಟಿದ್ದ ಕೋಟು ಅವಳೇ ಹೊಲಿದದ್ದು. ಎದೆಯ ಎಡಭಾಗದಲ್ಲಿ ಪದಕ ಸಿಕ್ಕಿಸಲು ದಾರದ ಕುಣಿಕೆಗಳನ್ನೂ ಹಾಕಿದ್ದಳು. ಆ ಖಾಲಿ ಕುಣಿಕೆಗಳನ್ನು ಕಂಡರೆ ಅವಳ ಹೊಟ್ಟೆ ಉರಿಯುತ್ತಿತ್ತು.

ಅಪ್ಪ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವನು. ಬೆಟ್ಟದ ತುದಿಯ ಠಾಣೆಯಲ್ಲಿ ಕೂತು, ಯಂತ್ರದ ಗುಂಡಿಯನ್ನು ಬೆರಳಲ್ಲಿ ಬಡಿದು, ಟಕ್-ಟಕ್ ಸಂಕೇತದಲ್ಲಿ ಸುದ್ದಿ ಕಳಿಸುವುದು ಅವನ ಕೆಲಸ. ಒಂದು ರಾತ್ರಿ, ಕಾವಲಿಲ್ಲದ ಒಂದೇ ಒಂದು ಕಾಲುದಾರಿಯನ್ನು ಅದು ಹೇಗೋ ಕಂಡುಕೊಂಡು ಶತ್ರುಗಳು ಮೇಲೆ ಬಂದರು. ಠಾಣೆಯಲ್ಲಿದ್ದವರೆಲ್ಲ ಹೋದರು. ಅಪ್ಪನೊಬ್ಬ ಉಳಿದ. ಕೊನೆಯವರೆಗೂ ಸಹಾಯ ಕೋರಿ ಗುಂಡಿ ಬಡಿಯುತ್ತಲೇ ಇದ್ದನೆಂದು ಎರಡು ಪದಕಗಳಿಗೆ ಶಿಫಾರಸು ಆಯಿತು. ಆಮೇಲೆ ಅದು ನಡುದಾರಿಯಲ್ಲೇ ನಿಂತಿತು. ಏಕೆಂದು ಯಾರೂ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಕೇಳಿದ್ದು ಜನ. "ಎಲ್ಲರೂ ಸತ್ತರು, ಇವನೊಬ್ಬ ಹೆಂಗೆ ಉಳಿದ?" ಕ್ಷೌರದಂಗಡಿಯಲ್ಲಿ ಕೇಳಿದರು, ನಲ್ಲಿಯ ಹತ್ತಿರ ಕೇಳಿದರು, ಅಮ್ಮ ಹೋದ ದಿನ ಅಂಗಳದಲ್ಲೂ ಪಿಸುಗುಟ್ಟಿದರು. ಆ ಬಾಯಿಗಳನ್ನೆಲ್ಲ ಮುಚ್ಚಿಸಬೇಕು. ಅಪ್ಪ ಉಸಿರಾಡುತ್ತಿರುವಾಗಲೇ ಮುಚ್ಚಿಸಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ದಾಖಲೆ ತಿದ್ದುಪಡಿಗೆಂದು ಸೈನ್ಯದ ಮಂಡಳಿಗೆ ಹಾಕಲು ಅರ್ಜಿ ತಂದವಳು ಅವಳು. ಸಹಿಗಾಗಿ ಅಪ್ಪನನ್ನು ಕಾಡಿ ಬೇಡಿದವಳೂ ಅವಳೇ. ಸಾಕ್ಷಿ ಬೇಕೆಂದು ಮಂಡಳಿ ಹೇಳಿದಾಗ ಮಾಜಿ ಸೈನಿಕರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಳು: ಆ ದಿನಗಳಲ್ಲಿ ಆ ಬೆಟ್ಟದ ವೈರ್‌ಲೆಸ್ ಕೇಳಿಸಿಕೊಂಡವರು ಯಾರಾದರೂ ಇದ್ದೀರಾ? ಒಬ್ಬರೇ ಒಬ್ಬರು ಫೋನ್ ಮಾಡಿದರು. "ಇದ್ದೀನಮ್ಮ. ಸಾಯೋದರೊಳಗೆ ಆ ಕೈಯನ್ನ ಒಂದ್ಸಲ ಕೇಳ್ಬೇಕು," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅವತ್ತು ಅವಳಿಗೆ ಅಳುವೇ ಬಂದಿತ್ತು. ಅಪ್ಪ ಮಾತ್ರ ಊಟ ಮಾಡದೆ ಮಲಗಿದ್ದ.

ಫೋನ್ ಮಾಡಿದ್ದ ಆ ಮುದುಕರು ಈಗ ಮೇಜಿನ ಆಚೆ ಕೂತಿದ್ದರು. ಕಡ್ಡಿಯಂಥ ಮೈ, ಮೊರದಂಥ ಕಿವಿ. ಅಪ್ಪನ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ.

"ಯುದ್ಧದ ಸಮಯದಲ್ಲಿ ನಿಮ್ಮ ಕೆಲಸ ಏನಿತ್ತು?" ಮಂಡಳಿಯ ಅಧ್ಯಕ್ಷೆ ಕೇಳಿದರು.

"ಬೆಟ್ಟದ ಬುಡದಲ್ಲಿ ಕೂತು ಕೇಳೋದು ಮೇಡಂ. ಬರೀ ಕೇಳೋದು. ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ ಇರುತ್ತೆ. ಬಡಿಯೋರ ಹೆಸರು ನಮಗೆಲ್ಲಿ ಗೊತ್ತಾಗ್ಬೇಕು? ನಾವೇ ಅಡ್ಡಹೆಸರು ಇಟ್ಕೋತಿದ್ವಿ. ಆ ಬೆಟ್ಟದಿಂದ ಬಡೀತಿದ್ದವನಿಗೆ ಕುಂಟ ಅಂತ. ಕೊನೇ ಹೊಡೆತಕ್ಕೆ ಮುಂಚೆ ಒಂಚೂರು ಎಡವೋನು."

"ಈಗ ಕೇಳಿದ್ರೆ ಗುರುತು ಹಿಡೀತೀರಾ?"

"ನಿದ್ದೇಲಿ ಕೇಳಿದ್ರೂ ಹಿಡೀತೀನಿ."

ಅಧ್ಯಕ್ಷೆ ಅಪ್ಪನ ಕಡೆ ತಿರುಗಿದರು. "ಮೇಜಿನ ಮೇಲೇ ಬಡಿದು ತೋರಿಸಿ."

"ನನಗೆ ಮರೆತುಹೋಗಿದೆ."

"ಅಪ್ಪ, ಒಂದೇ ಒಂದ್ಸಲ. ನನಗೋಸ್ಕರ."

ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಕೊನೆಗೆ ಜೇಬಿನಿಂದ ಕೈ ತೆಗೆದು ಬೆರಳು ಬಡಿದ. ಟಕ್, ಟಕ್, ಟಕ್. ಗಡಿಯಾರದ ಹಾಗೆ, ಎಲ್ಲವೂ ಅಳೆದಿಟ್ಟ ಹಾಗೆ.

ಮುದುಕರು ಕಣ್ಣು ಮುಚ್ಚಿ ಕೇಳಿದರು. ತಲೆ ಅಲ್ಲಾಡಿಸಿದರು. "ಇದಲ್ಲ. ಇವರು ಅವನಲ್ಲ."

ಅಪ್ಪ ಕಟ್ಟಿಕೊಂಡಿದ್ದ ಉಸಿರು ಬಿಟ್ಟ. ಹಣೆ ಬೆವರಿತ್ತು. "ಆಯ್ತಲ್ಲ ಪುಟ್ಟಿ. ನಡಿ ಮನೆಗೆ." ಅಧ್ಯಕ್ಷೆ ಕಡತ ಮುಚ್ಚಲು ಕೈ ಚಾಚಿದರು.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಹೀಗೆ ಬಡಿಯುವವನೇ ಅಲ್ಲ! ಈ ಸಂಕೋಚದ ಮುದ್ದೆ, ಕೈಗೆ ಬಂದದ್ದನ್ನು ಬೇಕೆಂದೇ ಕೈಚೆಲ್ಲುತ್ತಿದೆ.

"ತಾಳಿ ಮೇಡಂ! ಅಪ್ಪನ ಕೈ ಹೆಂಗೆ ಅಂತ ನನಗೆ ಗೊತ್ತು. ಚಿಕ್ಕೋಳಿದ್ದಾಗ ದಿನಾ ನನ್ನ ಬೆನ್ನ ಮೇಲೆ ಈ ಟಕ್-ಟಕ್ ಬಡಿದೇ ಮಲಗಿಸ್ತಿದ್ದ. ಕೇಳಿ ಇಲ್ಲಿ."

"ಪುಟ್ಟಿ, ಬೇಡ." ಅಪ್ಪ ಅವಳ ಮಣಿಕಟ್ಟು ಹಿಡಿದ. ವಯಸ್ಸಾದ ಅಪ್ಪನ ಹಿಡಿತದಲ್ಲಿ ಅಷ್ಟು ಬಲವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೊಸರಿ ಬಿಡಿಸಿಕೊಂಡಳು.

ಬೆನ್ನು ನೆನಪಿಟ್ಟುಕೊಂಡಿದ್ದನ್ನು ಬೆರಳು ಒಪ್ಪಿಸತೊಡಗಿತು. ಉದ್ದ, ಗಿಡ್ಡ, ಗಿಡ್ಡ, ಮತ್ತೆ ಉದ್ದ; ಕೊನೆಯದಕ್ಕೆ ಮುಂಚೆ ಒಂಚೂರು ಎಡವಿ, ಟಕ್.

ಮುದುಕರು ಕುರ್ಚಿಯಿಂದ ಅರ್ಧ ಎದ್ದರು. "ಇನ್ನೊಂದ್ಸಲ ಬಡಿ ತಾಯಿ."

ಬಡಿದಳು.

"ಕುಂಟ," ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ಅವನೇ. ನೂರಕ್ಕೆ ನೂರು ಅವನೇ."

ಗೆದ್ದೆ ಎಂದುಕೊಂಡು ಅವಳು ಅಪ್ಪನ ಕಡೆ ತಿರುಗಿದಳು. ಖಾಲಿ ಕುಣಿಕೆಗಳ ಮೇಲೆ ಅಂಗೈ ಮುಚ್ಚಿಕೊಂಡು ಅವನು ತಲೆ ತಗ್ಗಿಸಿ ಕೂತಿದ್ದ. ಪಾಪ, ಸಂತೋಷ ತಡೆದುಕೊಳ್ಳಲಾಗುತ್ತಿಲ್ಲ ಎನಿಸಿತು ಅವಳಿಗೆ.

ಅಧ್ಯಕ್ಷೆ ನಗುತ್ತ ಪೆನ್ನು ತೆರೆದರು. "ಹಾಗಾದ್ರೆ ಆ ರಾತ್ರಿ ಠಾಣೆಯಿಂದ ನಿಮ್ಮ ಹತ್ರ ಸಹಾಯ ಕೇಳಿದ್ದು ಇವರೇ ಅಂತ ಬರ್ಕೊಳ್ಳಲಾ?"

"ಅದು ನನಗೆ ಗೊತ್ತಿಲ್ಲ ಮೇಡಂ. ನಮ್ಮವರ ಸುದ್ದಿ ಕೇಳೋಕೆ ಬೇರೆಯವರಿದ್ರು. ನಾನು ಕದ್ದು ಕೇಳ್ತಿದ್ದದ್ದು ಆ ಬೆಟ್ಟದಿಂದ ಶತ್ರುಗಳಿಗೆ ಹೋಗ್ತಿದ್ದ ಸುದ್ದೀನ."