ಹಲ್ಲಿಗೆ ಕೇಳಿದ್ದು

“ಅಪ್ಪಾ, ನಿಮ್ಮ ಎರಡೂ ಕಿವಿ ಹೋಗ್ಯಾವ. ನೀವು ಹೂಂ ಅಂದ್ರಿ ಅಂತ ನನ್ನ ಮಗಳನ್ನ ಈ ಗಾಡ್ಯಾಗ ಕೂಡಸಂಗಿಲ್ಲ” ಎಂದು ಚಂದ್ರಿಕಾ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತಳು. ಹೇಳಿದ್ದು ತಂದೆಗೆ ಕೇಳಿಸಲಿಲ್ಲ, ಎದುರುಮನೆಯವರಿಗೆ ಕೇಳಿಸಿತು.

ಗಾಡಿ ಎಂದರೆ ಹಾಟ್ ರಾಡ್. ಹೊರಗೆ ಹಳೇ ಫೋರ್ಡ್ ಕಾರಿನ ಮುತ್ತಜ್ಜನ ಮುಖ, ಒಳಗೆ ಎಂಟು ಸಿಲಿಂಡರಿನ ಪೈಲ್ವಾನ. ಅದು ಕೆಮ್ಮಿದರೆ ಲಂಡನ್ನಿನ ಅಂಚಿನ ಹ್ಯಾರೋಗೆ ಹ್ಯಾರೋವೇ ಹೌಹಾರೋದು. ಚಂದ್ರಿಕಾಳ ಅಪ್ಪ ರಾಮಪ್ರಸಾದರು; ಅವರ ತಂದೆ ಹುಬ್ಬಳ್ಳಿಯಲ್ಲಿ ಗುಜರಿ ಕಾರಿಗೆ ಬಸ್ಸಿನ ಎಂಜಿನ್ ಕೂರಿಸಿ ಪುಣೆ ರಸ್ತೆಯಲ್ಲಿ ಪಂದ್ಯ ಕಟ್ಟಿದವರು. ಅರಿವಳಿಕೆ ಡಾಕ್ಟರಾಗಿ ಲಂಡನ್ನಿಗೆ ಬಂದ ಮಗ ಹಗಲೆಲ್ಲ ಜನರನ್ನು ಮಲಗಿಸಿ, ಸಂಜೆ ಎಂಜಿನ್ನುಗಳನ್ನು ಎಬ್ಬಿಸಿದರು. ಈಗ ಮೊಮ್ಮಗಳು ತನ್ಮಯಿ ತಾನೇ ಜೋಡಿಸಿದ ಎಂಜಿನ್ನಿನೊಂದಿಗೆ ಭಾನುವಾರ ಮೊದಲ ರೇಸಿಗೆ ಇಳಿಯುವವಳು. ಮನೆತನದ ಕಟ್ಟಳೆ ಒಂದೇ: ಕಟ್ಟಿದವರನ್ನು ಬಿಟ್ಟು ಮನೆಯ ಇನ್ನೊಬ್ಬರು ಎಂಜಿನ್ ಕೇಳಿ ‘ಹೂಂ’ ಅನ್ನಬೇಕು. ಅಲ್ಲಿಯವರೆಗೆ ಗಾಡಿ ಗೇಟು ದಾಟುವಂತಿಲ್ಲ.

“ಮಮ್ಮಿ, ರಿಲ್ಯಾಕ್ಸ್. ನಾನ್ ಕೇಳಿದೀನಿ, ಇಟ್ಸ್ ಫೈನ್” ಎನ್ನುತ್ತ ತನ್ಮಯಿ ಕೀಲಿ ತಿರುಗಿಸಿದಳು. ಡಬ್ಬಿಯೊಳಗಿನ ನಟ್ಟುಗಳೆಲ್ಲ ಕುಣಿಯತೊಡಗಿದವು.

ಎಂಬತ್ತೆರಡರ ರಾಮಪ್ರಸಾದರು ಕೊರಳಿನ ಸ್ಟೆತಾಸ್ಕೋಪ್ ತೆಗೆದು ಕಾರಿನ ಕನ್ನಡಿಗೆ ನೇತುಹಾಕಿದರು. ಕಿವಿಯ ಮಿಷನ್ನುಗಳನ್ನೂ ಕಿತ್ತು ಜೇಬಿಗಿಳಿಸಿದರು. ಆಮೇಲೆ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡು, ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ದೇವರ ದಯೆಯಿಂದ ಹಲ್ಲೆಲ್ಲ ಸ್ವಂತದ್ದು. ತುದಿ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ನಾಡಿ ನೋಡುವ ಬೆರಳಿನಂತೆ ಸರಿಯಿತು. ಆರನೆಯದರ ಹತ್ತಿರ ನಿಂತಿತು. ಬಹಳ ಹೊತ್ತು ನಿಂತಿತು. ಅವರು ಕೈಬೀಸಿ ಎಂಜಿನ್ ನಿಲ್ಲಿಸಿದರು.

“ಆರನೇದು. ವಾಲ್ವಿನ ಸ್ಪ್ರಿಂಗ್ ಮುರದದ.”

“ನೋ ವೇ, ಅಜ್ಜಾ.”

ಅಜ್ಜನಿಗೆ ಅದೂ ಕೇಳಿಸಲಿಲ್ಲ. ಅವಳ ಕೈಗೆ ಸ್ಪ್ಯಾನರ್ ಇಟ್ಟರು.

ಮುಚ್ಚಳ ತೆಗೆದರೆ ಸ್ಪ್ರಿಂಗ್ ಎರಡು ತುಂಡಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಒಂದರ ಮೇಲೊಂದು ಕೂತಿತ್ತು. ತನ್ಮಯಿ ಎರಡೂ ತುಂಡುಗಳನ್ನು ಅಂಗೈಗೆ ಹಾಕಿಕೊಂಡು ನೋಡಿದಳು. ಭಾನುವಾರದ ವೇಗದಲ್ಲಿ ಆ ವಾಲ್ವ್ ಒಳಗೆ ಬಿದ್ದಿದ್ದರೆ ಎಂಜಿನ್ ಅವಳ ಮುಂದೆಯೇ ಸಿಡಿಯುತ್ತಿತ್ತು. ಕಿವಿ ಸೋತರೂ ಮೂಳೆ ಕೇಳುತ್ತದೆ ಎಂಬುದು ಜಿಪಿ, ಅಂದರೆ ಬಡಾವಣೆಯ ಡಾಕ್ಟರಾದ ಚಂದ್ರಿಕಾಗೆ ಗೊತ್ತಿಲ್ಲದ್ದೇನಲ್ಲ. ವಾರಕ್ಕೊಬ್ಬ ರೋಗಿಯ ಕಿವಿಯ ಹಿಂದೆ ಝೇಂಕರಿಸುವ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡುವವಳು. ಆದರೆ ಆ ಗುಡುಗಿನೊಳಗಿಂದ ಒಂದು ಬಿರುಕನ್ನು ಹೆಕ್ಕುವ ದವಡೆ? ಅವಳು ತಂದೆಯ ಗದ್ದವನ್ನೇ ನೋಡುತ್ತ ನಿಂತಳು.

ಮಿಷನ್ನುಗಳು ಮತ್ತೆ ಕಿವಿ ಸೇರಿದ ಮೇಲೆ ಕೇಳಿದಳು. “ಮತ್ತ ಆ ಸ್ಟೆತಾಸ್ಕೋಪು?”

“ಅದು ಮೊದಲಿಂದಲೂ ಬರೇ ಶೋಕಿಗೆ. ಡಾಕ್ಟರ್ ಅಂತ ಕಾಣಬೇಕಲ್ಲ.”

ಒಂದು ತಾಸಿನಲ್ಲಿ ತನ್ಮಯಿ ಹೊಸ ಸ್ಪ್ರಿಂಗ್ ಕೂರಿಸಿದಳು. ರಾಮಪ್ರಸಾದರು ಸ್ಕ್ರೂಡ್ರೈವರನ್ನು ಮಗಳತ್ತ ಚಾಚಿದರು. “ಈಗ ನೀ ಕೇಳು. ನೀ ಹೂಂ ಅಂದ್ರ ಅಕಿ ಹೋಗ್ತಾಳ. ಇಲ್ಲಂದ್ರ ಇಲ್ಲ.”

“ಸದ್ದಿಲ್ಲದ ಬ್ಯಾಟರಿ ಕಾರ್ ಓಡಸಾಕಿ ನಾನು. ನನಗೇನ ತಿಳೀತದ?”

ಅವಳು ಹಿಡಿಯನ್ನು ತಿರುವಿ ನೋಡಿದಳು. ಮರದ ತುಂಬ ಹಲ್ಲಿನ ಗುರುತು. ಸವೆದ ಆಳದವು ಅವಳ ಹುಬ್ಬಳ್ಳಿ ಅಜ್ಜನವು, ಅವುಗಳ ಮೇಲೆ ಅಪ್ಪನವು. ಕೆಳಗೆ, ಅಕ್ಕಿಕಾಳಿನಷ್ಟು ಸಣ್ಣವು, ನಡುವೆ ಒಂದು ಖಾಲಿ ಜಾಗ.

“ಇವು ತನ್ಮಯೀವೇನು?”

“ನಿನ್ನವು. ಆರು ವರ್ಷದಾಕಿ ಇದ್ದಿ, ಮುಂದಿನ ಹಲ್ಲು ಬಿದ್ದಿತ್ತು. ಮೂರನೇ ಸಿಲಿಂಡರ್ ಅಳಾಕತ್ತೇದ ಅಂತ ನನಗಿಂತ ಮೊದಲ ನೀನ ಹೇಳಿದ್ದಿ.”

ತನ್ಮಯಿ ಕೀಲಿ ತಿರುಗಿಸಿ ಅಮ್ಮನ ಮುಖ ನೋಡಿದಳು. ಚಂದ್ರಿಕಾ ಕಣ್ಣು ಮುಚ್ಚಿ, ಆ ಅಕ್ಕಿಕಾಳುಗಳ ಪಕ್ಕದಲ್ಲೇ ಬಲವಾಗಿ ಕಚ್ಚಿದಳು. ತುದಿ ಸರಿದಂತೆಲ್ಲ ಎಂಟೂ ಸಿಲಿಂಡರು ಅವಳ ದವಡೆಯೊಳಗೆ ಒಂದೊಂದಾಗಿ ಎದ್ದು ನಿಂತು ಹಾಜರಿ ಕೊಟ್ಟವು.