ತೌಡಿಗೆ ಮಾರಿದ ಮಗ

“ಮಗು ನಿಂದೇ ತಾನೇನಮ್ಮ?” ಅಂತ ಲಾಯರ್ ಯಜ್ಞನಾರಾಯಣ ಕೇಳಿದರು. ಕೇಳಬೇಕಲ್ಲ ಅಂತ ಕೇಳಿದ ಪ್ರಶ್ನೆ. ಪೆನ್ನು ಆಗಲೇ ಮುಂದಿನ ಸಾಲಿಗೆ ಹೋಗಿತ್ತು.

“ನಂದಲ್ಲ ಸ್ವಾಮಿ,” ಅಂದಳು ಪಿಳ್ಳಮ್ಮ. “ಮಾರ್ಬಿಟ್ಟಿದೀನಿ.”

ಪೆನ್ನು ನಿಂತಿತು. ಪಕ್ಕದ ಕುರ್ಚಿಗಳಲ್ಲಿ ಜರ್ಮನಿಯ ದೊರೆ, ಅವರ ಹೆಂಡತಿ ಕೂತಿದ್ದರು. ಇಂದಿರಾನಗರದ ಅವರ ಮನೆಯಲ್ಲಿ ಪಿಳ್ಳಮ್ಮ ಪಾತ್ರೆ ತೊಳೆದು ಬಟ್ಟೆ ಒಗೆಯುವವಳು. ದೊರೆಗೆ ಇಲ್ಲಿನ ಫ್ಯಾಕ್ಟರಿ ಕೆಲಸ ಮುಗಿಯುತ್ತ ಬಂದಿತ್ತು. ಊರಿಗೆ ಹೊರಡುವ ಮೊದಲು ಅವಳ ಮಗುವನ್ನು ದತ್ತು ಪಡೆಯುವ ಕಾಗದಪತ್ರ ಶುರುವಾಗಬೇಕಿತ್ತು. ಇಬ್ಬರಿಗೂ ಕನ್ನಡ ಬಾರದು. ಆದರೂ ಲಾಯರ ಮುಖ ನೋಡಿ ಅಮ್ಮಾವರ ಕೈಯಲ್ಲಿದ್ದ ಹೆಣಿಗೆ ನಿಂತುಹೋಯಿತು. ಕೆಂಪು ಉಲ್ಲನ್ ದಾರದ ಪುಟ್ಟ ಸ್ವೆಟರು, ಇನ್ನೊಂದು ತೋಳು ಬಾಕಿ.

“ಮಾರಿದೀಯಾ? ಬಾಯಿಗೆ ಬಂದಹಾಗೆ ಮಾತಾಡ್ಬೇಡ. ಯಾರಿಗೆ ಮಾರ್ದೆ?”

“ನಮ್ಮ ವಠಾರದ ಮೆಹರುನ್ನೀಸಾ ಅಕ್ಕಂಗೆ. ಕೆಳಗೆ ಜಟಕಾದಲ್ಲಿ ಮಗೂನ ಎತ್ಕೊಂಡು ಕೂತವಳೆ, ಬೇಕಾದ್ರೆ ಕೇಳಿ. ಒಂದು ಹಿಡಿ ತೌಡಿಗೆ ಕೊಟ್ಟಿದ್ದು.”

ಯಜ್ಞನಾರಾಯಣರಿಗೆ ಹೋದ ಜೀವ ಬಂದಂತಾಯಿತು. ಹುಟ್ಟಿದ ಮಕ್ಕಳು ದಕ್ಕದಿದ್ದರೆ ಮುಂದಿನದನ್ನು ತೌಡಿಗೆ ಮಾರುವುದು, ಯಮ ಹುಡುಕಿಕೊಂಡು ಬಂದರೆ ‘ಇದು ಇವಳದ್ದಲ್ಲ’ ಅಂತ ಬಂದ ದಾರಿ ಹಿಡಿಯಲಿ ಅನ್ನುವುದು, ಈ ಶಾಸ್ತ್ರ ಅವರಿಗೇನೂ ಹೊಸದಲ್ಲ. ಪಿಳ್ಳಮ್ಮನಿಗೆ ಮೊದಲ ಮೂರೂ ಹೋಗಿದ್ದವು. ಇದು ಹುಟ್ಟಿದ ದಿನ ಜೋಗುಪಾಳ್ಯದ ವಠಾರದಲ್ಲಿ ಮೆಹರುನ್ನೀಸಾ, ಜಟಕಾ ಓಡಿಸುವ ಗಂಡ ಅಬ್ದುಲನ ಕುದುರೆಯ ಚೀಲದಿಂದಲೇ ಒಂದು ಹಿಡಿ ತೌಡು ತಂದು ಪಿಳ್ಳಮ್ಮನ ಸೆರಗಿಗೆ ಹಾಕಿ, ಮೊರದಲ್ಲಿ ಮಲಗಿದ್ದ ಮಗುವನ್ನು ಎತ್ತಿಕೊಂಡಿದ್ದಳು. “ಇನ್ಮೇಲೆ ಇವನು ನನ್ನೋನು. ಹಾಲು ಕೊಟ್ಟು ಸಾಕೋದಷ್ಟೇ ನಿನ್ನ ಕೆಲಸ,” ಅಂದಿದ್ದಳು. ಹುಡುಗನಿಗೆ ತೌಡಪ್ಪ ಅಂತಲೇ ಹೆಸರಾಯಿತು. ಅಂದಿನಿಂದ ಯಾರು ಕೇಳಲಿ, ಪಿಳ್ಳಮ್ಮ “ಅಕ್ಕನ ಮಗ” ಅನ್ನುವಳೇ ಹೊರತು ಅಪ್ಪಿತಪ್ಪಿಯೂ ನನ್ನದು ಅಂದವಳಲ್ಲ. ತನ್ನ ಗಂಡ ಸತ್ತ ದಿನ ಎದೆ ಬಡಿದುಕೊಂಡು ಅಳುವಾಗಲೂ ಅನ್ನಲಿಲ್ಲ. ಹುಡುಗ ಗುಂಡುಕಲ್ಲಿನ ಹಾಗೆ ಬೆಳೆದಿದ್ದ.

“ಅದು ಶಾಸ್ತ್ರ ಕಣಮ್ಮ. ಕೋರ್ಟಲ್ಲಿ ತೌಡು, ಬೂಸ ಎಲ್ಲ ನಡೆಯಲ್ಲ. ‘ಮಗು ನಂದು, ಇವರಿಗೆ ಕೊಡೋಕೆ ಒಪ್ಪಿದೀನಿ’ ಅಂತ ಬಾಯಿಬಿಟ್ಟು ಹೇಳು, ಹೆಬ್ಬೆಟ್ಟು ಒತ್ತು. ಒಪ್ಪಿದೀಯ ತಾನೆ?”

“ಅಮ್ಮಾವ್ರು ಕೇಳ್ದಾಗ್ಲೇ ಹೂಂ ಅಂದೆನಲ್ಲ ಸ್ವಾಮಿ. ಒಬ್ರಿಗಿಂತ ಇಬ್ರು ಕೊಂಡ್ಕೊಂಡ್ರೆ ಮಗು ಇನ್ನೂ ಗಟ್ಟಿ ಆಗ್ತದೆ. ಹೆಸರಿಗೆ ಅವರದು, ಬೆಳೆಯೋದು ನಮ್ಮ ವಠಾರದಲ್ಲೇ.”

ಲಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಯ್ಯೋ ಹುಚ್ಚಿ! ಹೆಸರಿಗಲ್ಲ. ವಿಮಾನ ಹತ್ತಿಸಿಕೊಂಡು ಹೋಗ್ತಾರೆ.”

“ಹೋಗಿ?”

“ಹೋಗಿ ಏನು? ಅಲ್ಲೇ ಇರ್ತಾನೆ. ಅವರ ಮಗ ಆಗ್ತಾನೆ.”

ಪಿಳ್ಳಮ್ಮ ಅಮ್ಮಾವರ ಕಡೆ ನೋಡಿದಳು. ಅಮ್ಮಾವರು ಕೆಟ್ಟವರಲ್ಲ, ಹುಡುಗನಿಗೆ ಜ್ವರ ಬಂದಾಗ ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೇ ಅವರು. ಅವರ ಊರಲ್ಲಿ ಹಾಲಿಗೆ ನೀರು ಬೆರೆಸುವವರಿಲ್ಲವಂತೆ. ಯಮನಿಗೂ ಅಷ್ಟು ದೂರ ದಾರಿ ತಿಳಿಯಲಿಕ್ಕಿಲ್ಲ. ಹಾಗಾದರೆ ಕೊಡುವುದೇ ಸರಿಯೆ? ಆದರೆ ಕೊಡಬೇಕಾದರೆ ನನ್ನದು ಅನ್ನಬೇಕು, ನನ್ನದು ಅಂದಿದ್ದೆಲ್ಲ ಇದುವರೆಗೆ ಮಣ್ಣು ಸೇರಿದೆ. ಬಿಸಿ ತುಪ್ಪ ಬಾಯಿಗೆ ಬಿದ್ದಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು.

“ನಂದಲ್ಲ ಸ್ವಾಮಿ,” ಅಂದಳು ಮತ್ತೆ, ಮೆಲ್ಲಗೆ.

ಯಜ್ಞನಾರಾಯಣರಿಗೆ ರೇಗಿತು. “ನಿಂದಲ್ಲ ಅಂದ್ರೆ ತಬ್ಬಲಿ ಅಂತ ಬರ್ಕೊಳ್ತೀನಿ. ದಿಕ್ಕಿಲ್ಲದ ಮಗು ಅಂದ್ರೆ ಕೆಲಸ ಇನ್ನೂ ಸಲೀಸು.”

“ತಬ್ಬಲಿಯಾ?” ಪಿಳ್ಳಮ್ಮ ಮೇಜಿನ ಹತ್ತಿರಕ್ಕೆ ನುಗ್ಗಿದಳು. “ಯಾರು ತಬ್ಬಲಿ? ನಾನು ಸತ್ತಿದೀನಾ? ನನ್ನ ಮಗ ಅವನು! ನಾನು ಹೆತ್ತಿದ್ದು! ನಂದು!”

ಹಲಸೂರಿನ ಬಜಾರು ಬೀದಿಯೇ ಒಂದು ಗಳಿಗೆ ತಿರುಗಿ ನೋಡಿರಬೇಕು, ಹಾಗೆ ಕೂಗಿದಳು. ಲಾಯರು ಮಾತ್ರ ಸಮಾಧಾನದಿಂದ ಶಾಯಿಯ ಡಬ್ಬಿಯನ್ನು ಅವಳ ಮುಂದಕ್ಕೆ ತಳ್ಳಿದರು. “ಅಷ್ಟೇ ಬೇಕಾಗಿದ್ದಿದ್ದು. ಒತ್ತು ಇಲ್ಲಿ.”

ಪಿಳ್ಳಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು. “ನಂದು ಅಂದ್ಮೇಲೆ ಹೆಂಗೆ ಕೊಡ್ಲಿ ಸ್ವಾಮಿ?”

ಯಜ್ಞನಾರಾಯಣರು ಶಾಯಿಯ ಡಬ್ಬಿಗೆ ಮುಚ್ಚಳ ಹಾಕಿದರು. ಅಮ್ಮಾವರಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ಅದನ್ನು ಪಿಳ್ಳಮ್ಮ ನೋಡಿದಳು. ತಪ್ಪು ಮಾಡಿದೆನೋ, ಸರಿ ಮಾಡಿದೆನೋ, ದೇವರೇ ಬಲ್ಲ. ಅವರಿಗೆ ಕೈಮುಗಿದು, ಒಂದೇ ಉಸಿರಿಗೆ ಮೆಟ್ಟಿಲು ಇಳಿದು ಬಂದಳು.

ಜಟಕಾದಲ್ಲಿ ಮೆಹರುನ್ನೀಸಾಳ ತೊಡೆಯ ಮೇಲೆ ಹುಡುಗ ಬನ್ನು ತಿನ್ನುತ್ತ ಕೂತಿದ್ದ.

“ಕ್ಯಾ ಹುವಾ ಪಿಳ್ಳಮ್ಮಾ? ನೀನು ಕೂಗಿದ್ದು ಇಲ್ಲೀವರೆಗೂ ಕೇಳಿಸ್ತಲ್ಲೇ!”

ಪಿಳ್ಳಮ್ಮ ತಟ್ಟನೆ ಬೀದಿಯ ಆಚೆ ಈಚೆ ನೋಡಿದಳು. ಇಲ್ಲೀವರೆಗೂ ಕೇಳಿಸಿದ್ದರೆ, ಕೇಳಿಸಬಾರದವನಿಗೆ ಕೇಳಿಸದೆ ಇರುತ್ತದೆಯೆ? ಹುಡುಗ ಕೈ ಚಾಚಿದರೂ ಎತ್ತಿಕೊಳ್ಳಲಿಲ್ಲ. ಕುದುರೆಯ ಚೀಲ ತೋರಿಸಿ, ನಡುಬೀದಿಯಲ್ಲೇ ಸೆರಗು ಒಡ್ಡಿ ನಿಂತಳು.

“ಅಕ್ಕಾ, ಮಾತು ಆಮೇಲೆ. ಬೇಗ ಒಂದು ಹಿಡಿ ತೌಡು ಹಾಕು. ನಂದು ಅಂದ್ಬಿಟ್ಟೆ.”